ಕಾಡಿನ ಅರಿವೂ ಕಾಡಿನ ಹಕ್ಕೂ: ನಮ್ಮ ಕಾದಂಬರಿಗಳ ಓದಿನಲ್ಲಿ ಒಂದು ಲೋಪ

ಕೂಕಟ್‌ಪಲ್ಲಿಯಲ್ಲಿ ನೆಲಸಿರುವ ಕನ್ನಡಿಗರಲ್ಲಿ ತೆಲುಗು ಪತ್ರಿಕೆಗಳನ್ನು ಓದಬಲ್ಲವರಿಗೆ ‘ಪೋಡು’ ಎಂಬ ಮಾತು ಅಪರಿಚಿತವಲ್ಲ. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಆ ಬೂದಿಯ ನೆಲದಲ್ಲಿ ಕೆಲವು ವರ್ಷ ಬೆಳೆ ತೆಗೆದು, ಬಳಿಕ ಬೇರೆಡೆಗೆ ಸರಿಯುವ ಗಿರಿಜನರ ಬೇಸಾಯಕ್ಕೆ ತೆಲುಗಿನಲ್ಲಿ ಆ ಹೆಸರು. 2023ರಲ್ಲಿ ತೆಲಂಗಾಣ ಸರಕಾರವು ಪೋಡು ಭೂಮಿಯ ಪಟ್ಟಾಗಳನ್ನು ಹಂಚಿದಾಗ ಇಲ್ಲಿನ ಪತ್ರಿಕೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕಾಣಿಸಿಕೊಂಡಿತು. ಆದರೆ ಚಾಮರಾಜನಗರದ ಕಡೆಯಿಂದ ಬಂದವರಿಗೆ ಇದೇ ಮಾತಿನ ಅರ್ಥ ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನುಡಿಯಲ್ಲಿ ಪೋಡು ಎಂದರೆ ಅವರು ವಾಸಿಸುವ ಕೇರಿ. ಒಂದೆಡೆ ಬೇಸಾಯದ ಕ್ರಮ, ಇನ್ನೊಂದೆಡೆ ಮನೆಗಳ ಗುಂಪು. ಈ ಎರಡು ಪದಗಳ ವ್ಯುತ್ಪತ್ತಿಯ ವಿಚಾರ ಇಲ್ಲಿ ಪ್ರಕೃತವಲ್ಲ. ಎರಡು ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೊಳೆಯುವ ಒಂದು ವಿಚಾರ ಮಾತ್ರ ಈ ಲೇಖನಕ್ಕೆ ಪ್ರೇರಣೆಯಾಯಿತು. ಕಾಡಿನವರಿಗೆ ನೆಲವನ್ನು ಅರಿಯುವುದು, ಆ ನೆಲದಲ್ಲಿ ದುಡಿಯುವುದು, ಆ ನೆಲದಲ್ಲಿಯೇ ಬಾಳುವುದು ಇವು ಮೂರು ಬೇರೆ ಬೇರೆ ಸಂಗತಿಗಳಲ್ಲ. ಅವನ್ನು ಬೇರ್ಪಡಿಸಿದವರು ಹೊರಗೆ ನಿಂತು ನೋಡುವ ನಾವು.

ಕಾಡಿನವರ ಅರಿವನ್ನು ಕನ್ನಡ ಕಾದಂಬರಿ ಕಂಡಿಲ್ಲವೆಂದು ಯಾರೂ ಹೇಳಲಾರರು. ಅದನ್ನು ನಮ್ಮ ವಿಮರ್ಶಕರು ಮೆಚ್ಚಿಲ್ಲವೆಂದೂ ಹೇಳಲಾಗದು. ಆದರೆ ಮೆಚ್ಚುಗೆಯ ನಡುವೆ ಒಂದು ಪ್ರಶ್ನೆ ಹಿಂದೆ ಸರಿದುಹೋಗಿದೆ. ಈ ಅರಿವುಳ್ಳವನಿಗೆ ಅದನ್ನು ಬಳಸುವ ಹಕ್ಕು ಉಂಟೇ ಎಂಬುದೇ ಆ ಪ್ರಶ್ನೆ. ಬಳಕೆಗೆ ಎಡೆಯಿಲ್ಲದ ಅರಿವು ಎಷ್ಟೇ ಆದರದಿಂದ ಬರೆದಿಟ್ಟರೂ ಒಂದೆರಡು ತಲೆಮಾರುಗಳಲ್ಲಿ ಬರಿಯ ಶಬ್ದಸಂಗ್ರಹವಾಗುತ್ತದೆ. ಆದುದರಿಂದ ನಮ್ಮ ಕಾಡಿನ ಕಾದಂಬರಿಗಳನ್ನು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಇನ್ನೊಮ್ಮೆ ಓದುವುದು ಅವಶ್ಯವೆಂದು ತೋರುತ್ತದೆ.

ಮೊದಲು ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು (1943) ತೆಗೆದುಕೊಳ್ಳೋಣ. ಸುಬ್ರಹ್ಮಣ್ಯದ ಸೀಮೆಯ ಕಾಡಿನಲ್ಲಿ ಕಥೆಯ ನಿರೂಪಕನು ದಾರಿ ತಪ್ಪುತ್ತಾನೆ. ಹೊತ್ತು ಮುಳುಗುತ್ತಿರುವಾಗ ಅವನಿಗೆ ಸಿಕ್ಕವರು ದೇರಣ್ಣ ಮತ್ತು ಬಟ್ಯ ಎಂಬ ಇಬ್ಬರು. ಕತ್ತಲೆಯಲ್ಲಿ ಅವನನ್ನು ನಡೆಸಿಕೊಂಡು ಗೋಪಾಲಯ್ಯನವರ ಮನೆಗೆ ಸೇರಿಸುವವರು ಅವರೇ. ಆ ಕಾದಂಬರಿಯ ಕೇಂದ್ರ ಗೋಪಾಲಯ್ಯನವರು. ಕಾಡಿನೊಡನೆ ಹೆಣಗಿ ತೋಟವನ್ನೆಬ್ಬಿಸಿದ ಆ ಹಿರಿಯ ಜೀವದ ಚಿತ್ರ ಕನ್ನಡದಲ್ಲಿ ಮರೆಯಲಾಗದ್ದು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಿರೂಪಕನು ಆ ಮನೆಯನ್ನು ಮುಟ್ಟಿದ್ದು ಯಾರ ಅರಿವಿನಿಂದ ಎಂಬುದನ್ನು ನಾವು ಬೇಗ ಮರೆಯುತ್ತೇವೆ. ದಾರಿ ತೋರಿದವರು ಹೊಸ್ತಿಲಿನ ಬಳಿ ನಿಲ್ಲುತ್ತಾರೆ. ಚರ್ಚೆ ಒಳಗೆ ನಡೆಯುತ್ತದೆ. ಕಾದಂಬರಿಕಾರರು ಅವರಿಬ್ಬರಿಗೂ ಹೆಸರನ್ನೂ ಮಾತನ್ನೂ ಕೊಟ್ಟಿದ್ದಾರೆ. ಆದರೆ ವಿಮರ್ಶೆಯು ಗೋಪಾಲಯ್ಯನವರ ಜೀವನದೃಷ್ಟಿಯನ್ನು ಕುರಿತು ಬರೆದಷ್ಟು ಪುಟಗಳಲ್ಲಿ ಒಂದು ಪುಟವನ್ನಾದರೂ ಆ ಇರುಳಿನ ನಡಿಗೆಗೆ ಮೀಸಲಿಡಬಹುದಾಗಿತ್ತು.

1951ರಲ್ಲಿ ಬಂದ ‘ಕುಡಿಯರ ಕೂಸು’ ಈ ಕೊರತೆಯನ್ನು ತುಂಬಿದ ಕೃತಿ. ಇಲ್ಲಿ ಮಲೆಕುಡಿಯರು ದಾರಿ ತೋರುವವರಾಗಿ ಬಂದು ಹೋಗುವುದಿಲ್ಲ. ಕಥೆಯೇ ಅವರದು. ಬೇಟೆ, ಏಲಕ್ಕಿ, ಕಾಡುಮೃಗಗಳ ಸಂಚಾರ, ದೈವಗಳ ಭಯಭಕ್ತಿ ಇವೆಲ್ಲ ಅಲ್ಲಿ ದಿನದಿನದ ದುಡಿಮೆಯ ಭಾಗವಾಗಿ ಬರುತ್ತವೆ. ಅರಿವು ಎಂಬುದು ಹಿರಿಯನೊಬ್ಬನ ಉಪದೇಶವಾಗಿ ಬಾರದೆ, ಕೈಗಳು ಮಾಡುವ ಕೆಲಸವಾಗಿ ಬರುವುದು ಆ ಕಾದಂಬರಿಯ ಹೆಚ್ಚಳ. ಅದರೊಂದಿಗೆ ಇನ್ನೊಂದು ಸಂಗತಿಯನ್ನೂ ಅಲ್ಲಿ ಗಮನಿಸಬೇಕು. ಕಾಡನ್ನು ಬಲ್ಲವರು ಕುಡಿಯರು, ಕಾಡಿನ ಒಡೆತನ ಮಾತ್ರ ಬೇರೆಯವರದು. ಪಶ್ಚಿಮ ಘಟ್ಟದ ಕುಮರಿ ಬೇಸಾಯದ ಮೇಲೆ ಆಂಗ್ಲರ ಅರಣ್ಯಾಡಳಿತವು 19ನೆಯ ಶತಮಾನದಲ್ಲಿಯೇ ನಿರ್ಬಂಧಗಳನ್ನು ಹೇರಿತ್ತು. ತಮ್ಮ ಬೇಸಾಯವು ಅಪರಾಧವೆನಿಸಿದ ಮೇಲೆ ಕಾಡಿನವರಿಗೆ ಉಳಿದ ದಾರಿ ಒಬ್ಬ ಒಡೆಯನ ಆಶ್ರಯ, ಇಲ್ಲವೆ ಗುತ್ತಿಗೆದಾರನ ಕೂಲಿ.

ಇಲ್ಲಿ ಕಾರಂತರದೇ ಇನ್ನೊಂದು ಕೃತಿಯೊಡನೆ ಹೋಲಿಕೆ ಉಪಯುಕ್ತವಾದೀತು. ‘ಚೋಮನ ದುಡಿ’ಯನ್ನು (1933) ಓದುವಾಗ ನಾವು ತಪ್ಪದೆ ಹಕ್ಕಿನ ಪ್ರಶ್ನೆಯನ್ನು ಎತ್ತುತ್ತೇವೆ. ಚೋಮನಿಗೆ ಬೇಸಾಯ ತಿಳಿಯದೆಂದು ಯಾರೂ ಹೇಳುವುದಿಲ್ಲ. ಅವನಿಗೆ ಇಲ್ಲದ್ದು ಸ್ವಂತ ಬೇಸಾಯ ಮಾಡುವ ಅವಕಾಶ. ಆ ದುರಂತವು ಅರಿವು ಮತ್ತು ಹಕ್ಕುಗಳ ನಡುವಣ ಕಂದರದಲ್ಲಿ ಹುಟ್ಟಿದ್ದೆಂಬುದು ಶಾಲೆಯ ಹುಡುಗನಿಗೂ ಅರ್ಥವಾಗುತ್ತದೆ. ಅದೇ ಓದುಗರಾದ ನಾವು ಗದ್ದೆಯ ಬಯಲನ್ನು ಬಿಟ್ಟು ಕಾಡಿನ ಅಂಚನ್ನು ದಾಟಿದೊಡನೆ ಹಕ್ಕಿನ ಮಾತನ್ನು ಮರೆತು ಸೊಬಗಿನ ಮಾತನ್ನಾಡತೊಡಗುತ್ತೇವೆ. ಹೊಲದ ದುಡಿಮೆಗಾರನಲ್ಲಿ ಕಂಡ ಅನ್ಯಾಯವನ್ನು ಕಾಡಿನ ದುಡಿಮೆಗಾರನಲ್ಲಿ ನಾವು ‘ಪ್ರಕೃತಿಯೊಡನೆ ಸಾಮರಸ್ಯ’ವೆಂದು ಕರೆದುಬಿಡುತ್ತೇವೆ. ಈ ಹೆಸರಿನಲ್ಲಿ ಗೌರವವಿದೆ, ನಿಜ. ಆದರೆ ಕಷ್ಟವನ್ನು ಮರೆಸುವ ಗೌರವವದು.

ಈ ದೃಷ್ಟಿಯಿಂದ ಅತ್ಯಂತ ಸ್ವಾರಸ್ಯದ ಕೃತಿ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980). ಮೂಡಿಗೆರೆಯ ಸುತ್ತಿನ ಕಾಡು, ಅಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ವಿಜ್ಞಾನಿ, ಅವನ ಜತೆಗೆ ಮಂದಣ್ಣ. ಮಂದಣ್ಣನು ಊರವರ ಕಣ್ಣಿಗೆ ಗೊತ್ತುಗುರಿಯಿಲ್ಲದೆ ಅಲೆಯುವವನು. ಜೇನು ಹಿಡಿಯುವುದರಲ್ಲಿ ನಿಸ್ಸೀಮ. ಹಾರುವ ಓತಿಯನ್ನು ಕಂಡವನೂ ಅವನೇ. ಅವನ ಕಾಣ್ಕೆಯ ಬೆಲೆಯನ್ನು ಮೊದಲು ಗುರುತಿಸಿದವರು ಡಾಕ್ಟರ್ ಕರ್ವಾಲೋ. ವಿದ್ಯಾವಂತನಾದ ನಿರೂಪಕನಿಗೆ ಅದು ಗೊತ್ತಾಗಲು ಬಹಳ ಸಮಯ ಬೇಕಾಗುತ್ತದೆ. ಹಳ್ಳಿಗನ ಅನುಭವವೂ ವಿಜ್ಞಾನಿಯ ಶಾಸ್ತ್ರವೂ ಕೈಹಿಡಿದು ನಡೆದ ಅಪೂರ್ವ ಕಥೆಯೆಂದು ಈ ಕಾದಂಬರಿಯನ್ನು ಹೊಗಳುವುದು ವಾಡಿಕೆ. ಆ ಹೊಗಳಿಕೆ ತಕ್ಕುದೇ. ಆದರೂ ಅದು ಅರ್ಧ ಓದೆಂದು ನನಗೆ ತೋರುತ್ತದೆ.

ಏಕೆಂದರೆ ಮಂದಣ್ಣನು ಪೊಲೀಸರ ಕೈಗೆ ಸಿಕ್ಕಿ ಮೊಕದ್ದಮೆಯಲ್ಲಿ ತೊಳಲುವ ಪ್ರಸಂಗವನ್ನು ನಾವು ಹಾಸ್ಯದ ಭಾಗವೆಂದು ನಕ್ಕು ಮುಂದೆ ಹೋಗುತ್ತೇವೆ. ಅದು ನಗುವಿನ ಪ್ರಸಂಗವೇ ಸರಿ. ತೇಜಸ್ವಿಯವರ ಬರವಣಿಗೆಯ ಗುಣವೇ ಅದು. ಆದರೆ ಆ ನಗುವಿನ ಒಳಗೆ ಕಾದಂಬರಿಕಾರರು ಇಟ್ಟ ಗಟ್ಟಿ ಸಂಗತಿಯನ್ನು ಗಮನಿಸಬೇಕು. ಶಾಸ್ತ್ರದ ಕಣ್ಣಿಗೆ ಅನರ್ಘ್ಯನಾದ ಮನುಷ್ಯನೇ ಕಾನೂನಿನ ಕಣ್ಣಿಗೆ ಸಂಶಯಾಸ್ಪದ. ಅವನ ಪರವಾಗಿ ಮಾತನಾಡಲು ಪದವೀಧರನೊಬ್ಬ ಬೇಕು. ಕರ್ವಾಲೋ ಅಂಥವರು ಆ ಊರಿಗೆ ಬಾರದೆ ಇದ್ದಿದ್ದರೆ ಮಂದಣ್ಣನ ಅರಿವು ಎಲ್ಲಿ ಇರುತ್ತಿತ್ತು? ಅಲ್ಲಿಯೇ ಇರುತ್ತಿತ್ತು, ಆದರೆ ಯಾರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಕಾದಂಬರಿಯ ಕೊನೆಯಲ್ಲಿ ಓತಿಯು ಎಲ್ಲರ ಕೈ ತಪ್ಪಿಸಿಕೊಂಡು ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಅದನ್ನು ಸೃಷ್ಟಿಯ ರಹಸ್ಯದ ಸಂಕೇತವೆಂದು ವ್ಯಾಖ್ಯಾನಿಸುವುದುಂಟು. ಅದರೊಂದಿಗೆ ಒಂದು ಸಾಧಾರಣ ಸಂಗತಿಯನ್ನೂ ಸೇರಿಸಬಹುದು: ಹಿಂದಿರುಗುವ ದಾರಿ ಕರ್ವಾಲೋ ಅವರಿಗೆ ಗ್ರಂಥಾಲಯದ ಕಡೆಗೆ, ಮಂದಣ್ಣನಿಗೆ ಅದೇ ಕಾಡಿನ ಕಡೆಗೆ. ಆ ಕಾಡಿನಲ್ಲಿ ಅವನಿಗೆ ಏನು ಮಾಡಲು ಅನುಮತಿ ಇದೆ ಎಂಬುದರ ಮೇಲೆ ಅವನ ಅರಿವಿನ ಮುಂದಿನ ಗತಿ ನಿಂತಿದೆ.

ಇದು ಕೇವಲ ಕಾದಂಬರಿಯ ಚರ್ಚೆಯಲ್ಲವೆಂಬುದಕ್ಕೆ ಬಿಳಿಗಿರಿರಂಗನ ಬೆಟ್ಟದ ನಿದರ್ಶನ ನಮ್ಮ ಮುಂದಿದೆ. ಸೋಲಿಗರಿಗೆ ಆ ಬೆಟ್ಟದ ದೇವರು ರಂಗನಾಥನು ಭಾವಮೈದುನ. ತಮ್ಮ ಕುಲದ ಕುಸುಮಾಲೆಯನ್ನು ಅವನು ವರಿಸಿದನೆಂದು ಅವರ ನಂಬಿಕೆ. ಅವರ ಗೊರುಕಾನ ಹಾಡುಗಳಲ್ಲಿಯೂ ರೊಟ್ಟಿ ಹಬ್ಬದಲ್ಲಿಯೂ ಕಾಡೇ ತುಂಬಿದೆ. ಮಲೆಯ ಮಾದೇಶ್ವರನ ಕಾವ್ಯದ ಸಂಕಮ್ಮನ ಸಾಲಿನಲ್ಲಿ ಬರುವುದೂ ಸೋಲಿಗರ ಸಂಸಾರವೇ. ಇವನ್ನು ನಮ್ಮ ಜಾನಪದ ವಿದ್ವಾಂಸರು ಶ್ರಮವಹಿಸಿ ಸಂಗ್ರಹಿಸಿದ್ದಾರೆ. ಹಾಡು ಸಂಗ್ರಹವಾಯಿತು, ಹಾಡಿನವರ ಕೆಲಸ ಏನಾಯಿತು?

ಆ ಕೆಲಸಗಳಲ್ಲಿ ಒಂದು ‘ತರಗು ಬೆಂಕಿ’. ಜನವರಿ, ಫೆಬ್ರವರಿ ತಿಂಗಳುಗಳಲ್ಲಿ, ಎಲೆ ಉದುರಿ ತರಗು ಒಣಗಿದ್ದರೂ ನೆಲದ ತೇವ ಪೂರ್ತಿ ಆರದ ಹೊತ್ತಿನಲ್ಲಿ ಸೋಲಿಗರು ಅಲ್ಲಲ್ಲಿ ತರಗಿಗೆ ಬೆಂಕಿ ಹಚ್ಚುತ್ತಿದ್ದರು. ಆ ಬೆಂಕಿ ಮೇಲೇಳುವುದಿಲ್ಲ. ನೆಲದ ಮೇಲೆ ಹರಿದು ತರಗನ್ನಷ್ಟೇ ತಿಂದು ಆರುತ್ತದೆ. ಬಲಿತ ಮರಗಳಿಗೆ ಅದರಿಂದ ಬಾಧೆಯಿಲ್ಲ. ಮಳೆ ಬಿದ್ದಾಗ ಹೊಸ ಹುಲ್ಲು ಚಿಗುರುತ್ತದೆ. ಪೊದೆಗಳ ಮರಿಗಿಡಗಳು ಹತ್ತಿಕೊಳ್ಳುವುದಿಲ್ಲ. ದಾರಿ ತೆರೆದಿರುವುದರಿಂದ ಆನೆ ಕರಡಿಗಳು ದೂರದಿಂದಲೇ ಕಾಣುತ್ತವೆ. ಬೇಸಗೆ ಬಲಿತ ಮೇಲೆ ಆಕಸ್ಮಿಕವಾಗಿ ಕಿಚ್ಚು ಬಿದ್ದರೆ ಅದಕ್ಕೆ ಮೇವು ಉಳಿದಿರುವುದಿಲ್ಲ.

ಇದರೊಂದಿಗೆ ಇನ್ನೊಂದು ಮಾತನ್ನು ಸೇರಿಸಬೇಕು. ನೆಲ್ಲಿಯ ಮರದ ಮೇಲೆ ಬೆಳೆಯುವ ಬಂದಳಿಕೆಯನ್ನು ಸೋಲಿಗರು ‘ಉಪ್ಪಿಲು’ ಎನ್ನುತ್ತಾರೆ. ಹಕ್ಕಿಗಳು ಅದರ ಹಣ್ಣನ್ನು ತಿಂದು ಅಂಟಾದ ಬೀಜವನ್ನು ಕೊಂಬೆಗೆ ಅಂಟಿಸುತ್ತವೆ. ಬೀಜವು ಅಲ್ಲಿಯೇ ಬೇರೂರಿ ಮರದ ನೀರನ್ನು ಹೀರುತ್ತದೆ. ಬಂದಳಿಕೆ ದಟ್ಟವಾದರೆ ನೆಲ್ಲಿ ಸೊರಗಿ ಸಾಯುತ್ತದೆ. ತರಗು ಬೆಂಕಿ ನಿಂತದ್ದರಿಂದಲೇ ಉಪ್ಪಿಲು ಹೆಚ್ಚಿತೆಂಬುದು ಸೋಲಿಗರ ಅಭಿಪ್ರಾಯ. ನಿಘಂಟಿನಲ್ಲಿ ಬಂದಳಿಕೆಯೆಂದರೆ ಮರದ ಮೇಲೆ ಬೆಳೆಯುವ ಒಂದು ಪರೋಪಜೀವಿ ಗಿಡ. ಸೋಲಿಗನ ಉಪ್ಪಿಲಿನಲ್ಲಿ ಆ ಗಿಡದೊಡನೆ ಹಕ್ಕಿಯೂ ನೆಲ್ಲಿಯೂ ಬೆಂಕಿಯೂ ಸೇರಿವೆ. ಒಂದು ಶಬ್ದಕ್ಕೂ ಒಂದು ಅರಿವಿಗೂ ಇರುವ ಅಂತರ ಇಷ್ಟು.

ಈ ಅರಿವಿಗೆ ಆದದ್ದೇನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ, 1974ರಲ್ಲಿ, ಆ ಬೆಟ್ಟಗಳು ಅಭಯಾರಣ್ಯವಾದುವು. 1987ರಲ್ಲಿ ಅದರ ವಿಸ್ತಾರ ಸುಮಾರು 540 ಚದರ ಕಿಲೋಮೀಟರಿಗೆ ಏರಿತು. ಸೋಲಿಗರ ಅಲೆಮಾರಿ ಬೇಸಾಯ ನಿಂತಿತು, ಬೇಟೆ ನಿಂತಿತು, ತರಗು ಬೆಂಕಿಯೂ ನಿಂತಿತು. ಕಾಡಿಗೆ ಬೆಂಕಿ ಹಚ್ಚುವವನು ಕಾಡಿನ ವೈರಿಯೆಂಬ ಸರಳ ತೀರ್ಮಾನವೇ ಇದಕ್ಕೆ ಆಧಾರ. 2006ರ ಹೊತ್ತಿಗೆ ಜೇನು, ನೆಲ್ಲಿ, ಪಾಚಿ ಮೊದಲಾದ ಕಿರು ಉತ್ಪನ್ನಗಳನ್ನು ಮಾರಾಟಕ್ಕಾಗಿ ತರುವುದಕ್ಕೂ ತಡೆ ಬಿತ್ತು.

ಇತ್ತ ಕಾಡಿನಲ್ಲಿ ಲಂಟಾನ ಹಬ್ಬಿತು. ಅಮೆರಿಕದ ಉಷ್ಣವಲಯದ ಈ ಪೊದೆಯನ್ನು 19ನೆಯ ಶತಮಾನದ ಆರಂಭದಲ್ಲಿ ಉದ್ಯಾನದ ಸೊಬಗಿಗಾಗಿ ನಮ್ಮ ದೇಶಕ್ಕೆ ತಂದರು. 1997ರಲ್ಲಿಯೂ 2008ರಲ್ಲಿಯೂ ಬಿಳಿಗಿರಿಯ ಅವೇ ತಾಣಗಳನ್ನು ಅಳೆದು ನೋಡಿದ ಸಂಶೋಧಕರಿಗೆ ಲಂಟಾನವಿರುವ ತಾಣಗಳ ಪ್ರಮಾಣ ಆ ಅವಧಿಯಲ್ಲಿ ಸುಮಾರು ಇಮ್ಮಡಿಯಾದುದು ಕಂಡುಬಂತು. ನೆಲ್ಲಿಯ ಸಂತತಿ ಕ್ಷೀಣಿಸುತ್ತಿರುವುದಕ್ಕೆ ಕಾಯಿ ಕೊಯ್ಯುವವರೇ ಕಾರಣವೆಂಬ ಸಂದೇಹವಿತ್ತು. ಬಳಿಕ ನಡೆದ ಅಧ್ಯಯನಗಳು ಕೊಯ್ಲಿಗಿಂತ ಬಂದಳಿಕೆಯನ್ನೂ ಲಂಟಾನವನ್ನೂ ಹೆಚ್ಚಿನ ಕಾರಣವೆಂದು ತೋರಿಸಿದುವು. ಸೋಲಿಗರು ಹೇಳುತ್ತಿದ್ದ ಮಾತಿಗೆ ಶಾಸ್ತ್ರದ ಪತ್ರಿಕೆಗಳಲ್ಲಿ ಸ್ಥಾನ ದೊರೆಯಿತು. ಆದರೆ ಆ ಹೊತ್ತಿಗೆ ಬೆಂಕಿ ಹಚ್ಚಿದ ಅನುಭವವುಳ್ಳ ತಲೆಮಾರು ಮುದಿಯಾಗಿತ್ತು. ಮಂದಣ್ಣನಿಗೆ ಕರ್ವಾಲೋ ದೊರೆತರು; ಆದರೆ ತಡವಾಗಿ ದೊರೆತರು. ಮಾದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನದ ಕಡ್ಡಿಗಳಿಂದ ಬುಟ್ಟಿ ಕುರ್ಚಿಗಳನ್ನು ಹೆಣೆದು ಮಾರುವುದನ್ನು ಕಲಿತರು. ಆ ಕೌಶಲ ಮೆಚ್ಚತಕ್ಕದ್ದು. ಆದರೆ ತಮ್ಮ ಕೈಯ ಬೆಂಕಿಯನ್ನು ಕಳೆದುಕೊಂಡ ಜನ, ಆ ಬೆಂಕಿಯಿಲ್ಲದ ಕಾಡಿನಲ್ಲಿ ದಟ್ಟವಾದ ಪೊದೆಯನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬೇಕಾದುದನ್ನು ಮರೆಯಬಾರದು.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಹಿಂದಿನವರು ಮಾಡಿದ್ದೆಲ್ಲ ಸರಿಯೆಂದು ಹೇಳಿದರೆ ಅದು ವಿಚಾರವಾಗದೆ ಭಕ್ತಿಯಾದೀತು ಎಂಬುದು ಒಂದು. ಈ ಮಾತು ಒಪ್ಪತಕ್ಕದ್ದೇ. ಅರಿವು ಯಾರದಾದರೂ ಪರೀಕ್ಷೆಗೆ ಒಳಪಡಬೇಕು. ಕಾಡು ಹಿಂದಿನಂತಿಲ್ಲ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಇದು ಹೆಚ್ಚು ತೂಕದ್ದು. ಲಂಟಾನ ಆಳೆತ್ತರ ಬೆಳೆದಿರುವ ಕಡೆ ಬೆಂಕಿ ಹಚ್ಚಿದರೆ ಅದು ನೆಲದ ಮೇಲೆ ಹರಿಯದೆ ಮರದ ತಲೆಗೆ ಏರುತ್ತದೆ. ಹಳೆಯ ಕ್ರಮವನ್ನು ಹಾಗೆಯೇ ಮರಳಿ ತರಲಾಗದು. ಆದರೆ ಈ ಆಕ್ಷೇಪವೇ ನನ್ನ ಮಾತನ್ನು ಸಮರ್ಥಿಸುತ್ತದೆ. ಬಳಕೆಯಲ್ಲಿದ್ದ ಅರಿವು ಕಾಡು ಬದಲಾದಂತೆ ತಾನೂ ಬದಲಾಗುತ್ತಿತ್ತು. ಎಲ್ಲಿ ಕಡಿಯಬೇಕು, ಎಲ್ಲಿ ಸುಡಬೇಕು, ಎಲ್ಲಿ ಸುಮ್ಮನೆ ಬಿಡಬೇಕು ಎಂಬುದನ್ನು ವರ್ಷವರ್ಷಕ್ಕೂ ತಿದ್ದಿಕೊಳ್ಳುತ್ತಿತ್ತು. ಬಳಕೆ ತಪ್ಪಿದ ದಿನವೇ ಅದು ನಿಂತ ನೀರಾಯಿತು. ‘ಸಾಂಪ್ರದಾಯಿಕ ಜ್ಞಾನ’ ಎಂಬ ನಮ್ಮ ಪಾರಿಭಾಷಿಕ ಪದದಲ್ಲಿಯೇ ಈ ದೋಷವಿದೆ. ಅದು ಅರಿವನ್ನು ಹಳೆಯದೆಂದು ಕರೆದು ಪೆಟ್ಟಿಗೆಯಲ್ಲಿಡುತ್ತದೆ.

ಕಾನೂನು ಈ ವಿಷಯದಲ್ಲಿ ಸಾಹಿತ್ಯ ವಿಮರ್ಶೆಗಿಂತ ಒಂದು ಹೆಜ್ಜೆ ಮುಂದಿದೆಯೆಂಬುದು ಸೋಜಿಗದ ಸಂಗತಿ. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ಸಮುದಾಯಗಳಿಗೆ ತಮ್ಮ ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕನ್ನೂ, ತಮ್ಮ ಪರಂಪರೆಯ ಅರಿವಿನ ಮೇಲಣ ಸಾಮೂಹಿಕ ಹಕ್ಕನ್ನೂ ಒಂದೇ ಪ್ರಕರಣದಲ್ಲಿ ಹೇಳುತ್ತದೆ. 2011ರಲ್ಲಿ ಬಿಳಿಗಿರಿಯು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರಗಳೂ ದೊರೆತುವು. ಹುಲಿಗಳ ಕಾಡಿನೊಳಗೆ ವಾಸಿಸುವ ಜನರಿಗೆ ಇಂಥ ಮನ್ನಣೆ ದೊರೆತದ್ದು ದೇಶದಲ್ಲಿಯೇ ಮೊದಲು. ಸೋಲಿಗರಲ್ಲಿಯೇ ಹುಟ್ಟಿ ಬೆಳೆದ ಸಿ. ಮಾದೇಗೌಡರಂಥ ವಿದ್ವಾಂಸರು ತಮ್ಮ ಜನರ ಅರಿವನ್ನು ಕುರಿತು ತಾವೇ ಬರೆದಿದ್ದಾರೆ. ದೇರಣ್ಣ ಬಟ್ಯರು ಹೊಸ್ತಿಲಿನ ಬಳಿ ನಿಂತಿದ್ದ ಕಾಲಕ್ಕೂ ಇದಕ್ಕೂ ಇರುವ ಅಂತರವನ್ನು ವಿಮರ್ಶಕನು ಗುರುತಿಸಬೇಕು. ಹಕ್ಕುಪತ್ರ ದೊರೆತ ಮಾತ್ರಕ್ಕೆ ಬೆಂಕಿಯ ಅನುಮತಿ ದೊರೆತಂತಲ್ಲ. ಆದರೂ ಮಾತನಾಡಲು ಕುಳಿತುಕೊಳ್ಳುವ ಜಾಗವೊಂದು ಅವರಿಗೆ ದೊರೆತಿದೆ.

ಹೈದರಾಬಾದಿನಲ್ಲಿರುವ ನಮಗೆ ಈ ವಿಚಾರ ದೂರದ್ದಲ್ಲ. ಹೈಮನ್‌ಡಾರ್ಫ್ ಎಂಬ ಆಸ್ಟ್ರಿಯಾದ ಮಾನವಶಾಸ್ತ್ರಜ್ಞನು ನಿಜಾಮರ ಸಂಸ್ಥಾನದ ನಲ್ಲಮಲ ಕಾಡಿನ ಚೆಂಚುಗಳ ನಡುವೆ ಬಾಳಿ, 1943ರಲ್ಲಿ ಅವರನ್ನು ಕುರಿತ ಗ್ರಂಥವನ್ನು ಪ್ರಕಟಿಸಿದನು. ಗೆಡ್ಡೆ ಅಗೆಯುವುದರಿಂದ ಹಿಡಿದು ಜೇನು ಇಳಿಸುವವರೆಗೆ ಅವರ ಬದುಕನ್ನು ವಿವರಿಸಿದ ಆತನು ವಿವರಣೆಗೆ ನಿಲ್ಲಲಿಲ್ಲ. ಅವರಿಗಾಗಿ ಕಾಡಿನ ಒಂದು ಭಾಗವನ್ನು ಮೀಸಲಿಡಬೇಕೆಂದು ಸರಕಾರಕ್ಕೆ ಸಲಹೆಯಿತ್ತನು. ಮೀಸಲು ಪ್ರದೇಶವೂ ಏರ್ಪಟ್ಟಿತು. ಅರಸರ ಆಡಳಿತದ ಕೃಪೆಯಾಗಿ ಬಂದ ಆ ಏರ್ಪಾಟಿನಲ್ಲಿ ಕೊರತೆಗಳಿದ್ದುವು. ಆದರೆ ಅರಿವನ್ನು ಬರೆದುಕೊಂಡವನು ಆ ಅರಿವಿನ ನೆಲದ ಬಗೆಗೂ ಹೊಣೆಗಾರನೆಂಬ ತತ್ತ್ವವು ಈ ನಗರದಲ್ಲಿ ಆಗಲೇ ಆಚರಣೆಗೆ ಬಂದಿತ್ತು.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ ಕೂಕಟ್‌ಪಲ್ಲಿಯೇ ಇದೆ. ಇದು ಮೊದಲು ಕೆರೆಗಳಿದ್ದ ಹಳ್ಳಿ. ಇಲ್ಲಿನ ರಂಗಧಾಮುನಿ ಚೆರುವನ್ನು ಜನರು ಅದರ ಬಳಿಯ ಸಿಡಿಮದ್ದಿನ ಕಾರ್ಖಾನೆಯ ಹೆಸರಿನಿಂದ ಕರೆಯತೊಡಗಿ ಎಷ್ಟೋ ವರ್ಷಗಳಾದುವು. ಕೆರೆಯ ತೂಬನ್ನು ಎಂದು ತೆರೆಯಬೇಕು, ಕೋಡಿಯ ನೀರು ಯಾವ ಹಾದಿಯಲ್ಲಿ ಹರಿಯಬೇಕು ಎಂಬುದನ್ನು ಬಲ್ಲ ಕೆಲಸಗಾರನನ್ನು ಕನ್ನಡ ನಾಡಿನಲ್ಲಿ ನೀರಗಂಟಿ ಎಂದರೆ, ತೆಲಂಗಾಣದಲ್ಲಿ ನೀರಡಿ ಎನ್ನುತ್ತಾರೆ. ಹಳ್ಳಿ ನಗರವಾದಾಗ ಅವನ ಕೆಲಸ ಹೋಯಿತು. ಕೆಲಸದೊಡನೆ ನೀರಿನ ಹಾದಿಯ ನೆನಪೂ ಹೋಯಿತು. 2000ದ ಆಗಸ್ಟ್‌ನಲ್ಲಿಯೂ 2020ರ ಅಕ್ಟೋಬರ್‌ನಲ್ಲಿಯೂ ಬಿದ್ದ ಮಹಾಮಳೆಯಲ್ಲಿ ನಗರದ ತಗ್ಗಿನ ಬಡಾವಣೆಗಳು ಮುಳುಗಿದಾಗ, ನೀರು ತನ್ನ ಹಳೆಯ ಹಾದಿಯನ್ನು ಮರೆತಿಲ್ಲವೆಂಬುದು ಎಲ್ಲರಿಗೂ ತಿಳಿಯಿತು. ನೀರಡಿ ಎಂಬ ಪದ ನಿಘಂಟಿನಲ್ಲಿ ಉಳಿದಿದೆ. ಅಂದು ಅದು ಯಾರ ಮನೆಯನ್ನೂ ಉಳಿಸಲಿಲ್ಲ.

ಹೊರನಾಡಿನ ಕನ್ನಡ ಸಂಘಗಳಿಗೆ ಶಬ್ದಸಂಗ್ರಹವೆಂದರೆ ಪ್ರೀತಿ. ಬಿಟ್ಟು ಬಂದ ಊರಿನ ಮಾತುಗಳನ್ನು ಪಟ್ಟಿ ಮಾಡಿ ಕಾಪಾಡುವ ಹಂಬಲ ನಮ್ಮೆಲ್ಲರಲ್ಲಿಯೂ ಇದೆ, ಈ ಲೇಖಕನಲ್ಲಿಯೂ ಇದೆ. ಆ ಕೆಲಸವನ್ನು ನಿಲ್ಲಿಸಬೇಕಾಗಿಲ್ಲ. ಆದರೆ ಕಾಡು, ಕೆರೆ, ಹೊಲಗಳಿಗೆ ಸಂಬಂಧಿಸಿದ ಮಾತೊಂದನ್ನು ಬರೆದುಕೊಳ್ಳುವಾಗ ಅದರ ಅರ್ಥದೊಂದಿಗೆ ಇನ್ನು ಮೂರು ಸಂಗತಿಗಳನ್ನು ಕೇಳಿ ಬರೆಯುವ ರೂಢಿಯನ್ನು ನಾವು ಆರಂಭಿಸಬೇಕು: ಅದು ಯಾವ ಕೆಲಸದ ಮಾತು, ಆ ಕೆಲಸ ಯಾವ ಕಾಲದಲ್ಲಿ ನಡೆಯುತ್ತದೆ, ಅದನ್ನು ಮಾಡುವವನಿಗೆ ಹಾಗೆ ಮಾಡಲು ಈಗ ಬಿಡುತ್ತಾರೆಯೇ? ಕಾದಂಬರಿಯನ್ನು ಓದುವಾಗಲೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಮೂರನೆಯ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದ ಕಡೆ ನಮ್ಮ ಟಿಪ್ಪಣಿಯ ಪುಸ್ತಕವನ್ನು ಮುಚ್ಚಬಾರದು. ಏಕೆ ಇಲ್ಲವೆಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು.